ಬಾಜೂಮನಿ ಲೈಟು, ನಮ್ಮತ್ತಿ ರೇಡಿಯೋ

ನಮ್ಮ ಕೊಟ್ಟೂರಿನ ಓಣ್ಯಾಗ ಒಬ್ಬರ ಮನ್ಯಾಗ ಏನರ ಹಚ್ಚಿದ್ರ ಇನ್ನೊಬ್ಬರ ಮನ್ಯಾಗ ಏನರ ಕೆಡಬೇಕು, ಇದು ಮೊದ್ಲಿಂದ ನಡಕಂಡು ಬಂದದ್ದು. ಹಿಂದಿನ ಮನಿಯಾಕಿ ಮಿಕ್ಸಿ ತಿರುವಿದ್ರ ಎದುರುಮನಿ ಟಿವ್ಯಾಗ ಗೆರಿ ಹರದಾಡ್ತಾವ. ಮೂಲ್ಯಾಗ ವೆಲ್ಡಿಂಗ್ ಮಾಡಾವ ಕಿಡಿ ಹಾರಿಸಿದ್ರ ನಮ್ಮನಿ ಬಲ್ಬು ಕಣ್ಣು ಹೊಡಿಯಾಕ ಹತ್ತತೈತಿ. ಗ್ವಾಡಿ ಒಂದ, ಗಟಾರ ಒಂದ, ಕರೆಂಟಿನ ಕಂಬ ಒಂದ. ಒಬ್ಬರ ಸುಖ ಇನ್ನೊಬ್ಬರ ಮನಿಗೆ ಕಾಟ ಆಗೇ ಬರತೈತಿ. ನಾನು ಐದನೇತ್ತಕ್ಕ ಸಾಲಿ ಬಿಟ್ಟಾಕಿ. ಕರೆಂಟು ಹೆಂಗ ಹರಿತೈತಿ ನನಗ ತಿಳಿಯಂಗಿಲ್ಲ. ಸುದ್ದಿ ಹೆಂಗ ಹರಿತೈತಿ ಅಂಬೋದು ಮಾತ್ರ ನನ್ನಷ್ಟು ಈ ಓಣ್ಯಾಗ ಯಾರಿಗೂ ತಿಳಿಯಂಗಿಲ್ಲ. ಅದಕ ಹೇಳಾಕ ಕುಂತೀನಿ.

ಬಾಯಿಗೆ ಬಿರಡಿ

ಮೊದ್ಲ ನಮ್ಮತ್ತಿ ಸುದ್ದಿ ಹೇಳಬೇಕು. ಆಕಿಗೆ ಮೊಣಕಾಲು ನೋವು, ಪಡಸಾಲಿ ಮಂಚ ಬಿಟ್ಟು ಬಾಳ ಏಳಂಗಿಲ್ಲ. ಕಣ್ಣೂ ಮಸುಕು. ಆದ್ರ ಕಿವಿ ಐತಲ್ಲ, ಅದು ದೇವರು ಪುರುಸೊತ್ತು ಮಾಡ್ಕಂಡು ಕೊಟ್ಟ ಕಿವಿ. ನಾನು ಹಿತ್ತಲದಾಗ ಚಮಚ ಕೆಡವಿದ್ರ ಅದು ಸ್ಟೀಲಿಂದೋ ಹಿತ್ತಾಳಿದೋ ಅಂತ ಕುಂತಲ್ಲೇ ಹೇಳ್ತಾಳ. ಇಂಥಾ ಕಿವಿಗೆ ಏನರ ಕೆಲಸ ಇರಬೇಕು. ಇಲ್ಲಾಂದ್ರ ಅದು ನನ್ನ ಮ್ಯಾಲ ಕೆಲಸ ಮಾಡ್ತೈತಿ.

ಆ ಕೆಲಸ ಕೊಟ್ಟಿದ್ದು ರೇಡಿಯೋ. ಎಲ್ಲರ ಮನ್ಯಾಗೂ ಟಿವಿ ಬಂದು, ಮೊಬೈಲು ಇನ್ನೂ ದೊಡ್ಡೋರ ಕೈಯಾಗಷ್ಟ ಇದ್ದ ಕಾಲ ಅದು. ನಮ್ಮತ್ತಿಗೆ ಟಿವಿ ಕಾಣಂಗಿಲ್ಲ, ಅದಕ ರೇಡಿಯೋದಾಗ ಧಾರವಾಡ ಸ್ಟೇಷನ್ ಹಚ್ಚಿ ತಲಿದಿಂಬಿನ ಬಾಜೂಕ ಇಟಗಂತಿದ್ಲು. ಮುಂಜಾನಿ ವಚನ, ಆಮ್ಯಾಲ ಸಮಾಚಾರ, ಆಮ್ಯಾಲ ಶೇಂಗಾಕ್ಕ ಬರೋ ರೋಗ. ನಮಗ ಒಂದು ಗೇಣು ಹೊಲ ಇಲ್ಲ. ಆದ್ರೂ ಯಾವ ರೋಗಕ್ಕ ಯಾವ ಎಣ್ಣಿ ಹೊಡಿಬೇಕು ಅಂತ ಓಣಿ ಮಂದಿಗೆಲ್ಲ ಹೇಳ್ತಿದ್ಲು. ಮಧ್ಯಾಹ್ನ ಹೆಣ್ಣುಮಕ್ಕಳ ಕಾರ್ಯಕ್ರಮ, ಸಂಜಿಮುಂದ ನಾಟಕ. ರೇಡಿಯೋ ಮಾತಾಡೋತನ ಆಕಿ ಮಾತಾಡಂಗಿಲ್ಲ. ಅದು ಸುಮ್ನಾತು ಅಂದ್ರ ಈಕಿ ಸುರು. ನನ್ನ ಸಾರು ನೀರು, ನನ್ನ ನಡಿಗಿ ಗಂಡಸರ ನಡಿಗಿ, ನನ್ನ ನಾಲಿಗಿ ಕುಡಗೋಲು, ನನ್ನ ತವರುಮನಿ ಹರಪನಹಳ್ಳಿ ಕಡೆಯವ್ರೆಲ್ಲ ಹಿಂಗ ಅಂತ ಇಡೀ ತಾಲೂಕನ್ನ ಮಂಚದ ಮ್ಯಾಲಿಂದಾನ ಬೈದು ಮುಗಸ್ತಿದ್ಲು.

ಹಂಗಾಗಿ ನಮ್ಮನ್ಯಾಗ ಉಪ್ಪು ಮುಗದ್ರ ನಡೀತಿತ್ತು, ರೇಡಿಯೋ ಸೆಲ್ಲು ಮುಗದ್ರ ನಡೀತಿರಲಿಲ್ಲ. ಒಮ್ಮೆ ನನ್ನ ತಂಗಿ ಬಂದಾಕಿ, ನೀವು ಅತ್ತಿ ಸೊಸಿ ಇಷ್ಟು ವರ್ಷ ಜಗಳಿಲ್ಲದ ಹೆಂಗ ಇದ್ದೀರಿ ಅಂತ ಕೇಳಿದ್ಲು. ಏನಿಲ್ಲವ್ವ, ನಮ್ಮಿಬ್ಬರ ನಡುವ ಧಾರವಾಡ ಐತಿ ಅಂದೆ.

ನೆಗಡಿ

ಒಂದು ಶ್ರಾವಣ ಸುರುವಾದ ವಾರ ಅದು ಬಂತು. ಮುಂಜಾನಿ ವಚನ ನಡದಿತ್ತು. ಗಂಡಸಿನ ದನಿ, ಚಲೋ ದನಿ. ಒಂದು ಸಾಲು ಆಗಾದಕ ಗುರ್ರ್ ಅಂತು. ಒಂದು ಗಳಿಗಿ ಬಿಟ್ಟು ಮತ್ತ ಗುರ್ರ್. ಯಾರೋ ಗಂಟಲಾಗಿನ ಕಫ ತಗದಂಗ.

ನಮ್ಮತ್ತಿ ಪಾಪ ಅಂದ್ಲು. ಹಾಡಾವಗ ನೆಗಡಿ ಆಗೈತಿ, ಆದ್ರೂ ನೌಕರಿಗೆ ಬಂದಾನ ನೋಡು, ನೀ ಒಂದು ಸೀನು ಬಂದ್ರ ಕಸ ಹೊಡಿಯಂಗಿಲ್ಲ ಅಂತ ನನಗೂ ಒಂದು ಹಾಕಿದ್ಲು. ಆಮ್ಯಾಲ ಸಮಾಚಾರ ಓದಾಕಿ ಬಂದ್ಲು, ಆಕಿಗೂ ಗುರ್ರ್. ಮಧ್ಯಾಹ್ನ ಒಬ್ಬ ಡಾಕ್ಟ್ರು ಮಳಿಗಾಲದಾಗ ನೆಗಡಿ ಆಗದಂಗ ಹೆಂಗ ಇರಬೇಕು ಅಂತ ಹೇಳಾಕ ಬಂದಿದ್ರು. ಅವ್ರಿಗೆ ಎಲ್ಲರಗಿಂತ ಜೋರು ಗುರ್ರ್.

ಆವಾಗ ಅತ್ತಿ ಎದ್ದು ಕುಂತ್ಲು. ರೇಡಿಯೋಕ್ಕ ಏನೋ ಆಗೈತಿ, ನೀ ಒರಸೋಮುಂದ ನೀರು ಹಾಕೀದಿ ಅಂದ್ಲು. ಹೊಸ ಸೆಲ್ಲು ಹಾಕಿದೆ. ಬೆನ್ನಿಗೆ ಎರಡು ಬಡದೆ. ಹಿಟ್ಟಿನ ಡಬ್ಬಿ ಮ್ಯಾಲ ಇಟ್ಟೆ, ಟ್ರಂಕಿನ ಮ್ಯಾಲ ಇಟ್ಟೆ. ಗುರ್ರ್ ಹೋಗಲಿಲ್ಲ. ಧಾರವಾಡ ಹೋತು. ನಮ್ಮತ್ತಿ ಬಾಯಿ ಬಿಚ್ಚಿಕಂತು. ಅವತ್ತು ಸಂಜಿಯೊಳಗ ನಾನು ಮದಿವಿಯಾಗಿ ಬಂದಾಗ ತಂದ ತಂಬಿಗಿ ತೂಕ ಕಡಿಮಿ ಇತ್ತು ಅಂಬೋತನ ಬಂದು ನಿಂತಿದ್ಲು.

ಮರುದಿನ ರೇಡಿಯೋನ ಟವೆಲಿನ್ಯಾಗ ಸುತಗಂಡು ಕೂಡ್ಲಿಗಿ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡ್ ಹಿಂದ ಒಬ್ಬ ರಿಪೇರಿಯಾವ ಅದಾನ. ಆತ ಹಚ್ಚಿದ. ಗಂಟಿ ಬಾರಿಸಿದಂಗ ಧಾರವಾಡ ಬಂತು. ಗುರ್ರಿಲ್ಲ, ಗಿರ್ರಿಲ್ಲ. ಆತ ನನ್ನ ಮಾರಿ ನೋಡಿದ, ನಾನು ರೇಡಿಯೋ ಮಾರಿ ನೋಡಿದೆ. ಖುಷಿಲೇ ಮನಿಗೆ ತಂದು ಹಚ್ಚಿದೆ. ಗುರ್ರ್. ಮತ್ತ ಕೂಡ್ಲಿಗಿಗೆ ಒಯ್ದೆ. ಮತ್ತ ಗಂಟಿ.

"ಯವ್ವಾ, ರೇಡಿಯೋ ಗಟ್ಟಿಮುಟ್ಟ ಐತಿ" ಅಂದ ರಿಪೇರಿಯಾವ. "ಇದನ್ನ ಇಲ್ಲೇ ಬಿಡ್ರಿ. ನಿಮ್ಮ ಮನೀನ ತಗಂಡು ಬರ್ರಿ, ಅದನ್ನ ಬಿಚ್ಚಿ ನೋಡ್ತೀನಿ."

ಮನಿಗೆ ಬಂದು, ಕೂಡ್ಲಿಗ್ಯಾಗ ಚಲೋ ಹಾಡ್ತೈತ್ರಿ ಅತ್ತಿ, ಮನಿಗೆ ಬಂದ್ರ ಹಿಂಗ ಮಾಡ್ತೈತಿ ಅಂದೆ. ಅತ್ತಿ ಆ ಕಡೆ ಹೊಳ್ಳಿ ಮಕ್ಕಂಡು ಅಂದ್ಲು: "ನೀನೂ ಹಂಗ ಇದ್ದಿ. ನೋಡಾಕ ಹೋದಾಗ ಚಲೋನ ಇದ್ದಿ. ಮನಿಗೆ ಬಂದ ಮ್ಯಾಲ ಸುರುವಾತು."

ತಂತಿ

ನಮ್ಮ ಮನಿಯವ್ರು ಶೇಂಗಾ ಮಿಲ್ಲಿನ್ಯಾಗ ಕೆಲಸ ಮಾಡ್ತಾರ. ಬೆಲ್ಟು ಹರದ್ರ ಜೋಡಸ್ತಾರ, ಅದಕ ತಾವು ಇಂಜಿನಿಯರು ಅಂತ ತಿಳಕಂಡಾರ. ಏರಿಯಲ್ ಬೇಕಲೇ, ಏರಿಯಲ್ ಇಲ್ಲದ ಹೆಂಗ ಬರತೈತಿ ಅಂತ ಐತವಾರ ತಾಮ್ರದ ತಂತಿ ತಂದು ಮಾಳಗಿ ಹತ್ತಿದ್ರು. ಒಂದು ತುದಿ ನಮ್ಮ ರೇಡಿಯೋಕ್ಕ. ಇನ್ನೊಂದು ತುದಿಗೆ ಎತ್ತರದ ಕಬ್ಬಿಣದ ಕೋಲು ಬೇಕಾಗಿತ್ತು. ಬಾಜೂಮನಿ ಅಂಗಡಿ ಅಕ್ಕನ ಮಾಳಗಿ ಮ್ಯಾಲ ಒಂದು ಇತ್ತು. ಆಕಿನ್ನ ಕೇಳಿ ಅದಕ್ಕ ಬಿಗದು ಬಂದ್ರು.

ಅಂಗಡಿ ಅಕ್ಕ ಅಂದ್ರ ಕಿರಾಣಿ ಅಂಗಡಿಯವ್ರ ಮನಿ ಹೆಂಗಸು, ನಮಗಿಂತ ದೊಡ್ಡಾಕಿ, ನಮಗಿಂತ ಉಳ್ಳಾಕಿ. ತಂತಿ ಕಟ್ಟಿಸಿಕಂಡ ಅರ್ಧ ತಾಸಿಗೆ ಅದರ ಮ್ಯಾಲ ಒದ್ದಿ ಪಂಚಿ, ಲುಂಗಿ, ದಿಂಬಿನ ಚೀಲ ಎಲ್ಲಾ ಒಣಗಾಕ ಹಾಕಿದ್ಲು. ಇಷ್ಟು ದಿನ ಅನುಕೂಲ ಇರಲಿಲ್ಲ ತಂಗಿ, ನಿಮ್ಮ ಯಜಮಾನ್ರಿಗೆ ಪುಣ್ಯ ಬರಲಿ ಅಂದ್ಲು.

ರೇಡಿಯೋ ಹಚ್ಚಿದ್ವಿ. ಮೊದ್ಲ ಕಫ ಇದ್ದಂಗಿತ್ತು, ಈಗ ಹುಲಿ ಇದ್ದಂಗಾತು. ಕಬ್ಬಿಣದ ಕೋಲಿನ ಕೆಳಗ ಏನಿತ್ತು ಅಂಬೋದು ನಮಗ ಆವಾಗ ಗೊತ್ತಿದ್ದಿಲ್ಲ. ಅತ್ತಿ ಸೊಲ್ಪ ಹೊತ್ತು ಕೇಳಿ ಮಗನ್ನ ಕರದ್ಲು. "ಒಂದ ಇದ್ದದ್ದನ್ನ ಎರಡು ಮಾಡಿಯಪ್ಪ. ನಿಮ್ಮಪ್ಪ ಇದ್ದಿದ್ರ ಕಣ್ತುಂಬ ನೋಡ್ತಿದ್ದ" ಅಂದ್ಲು. ಯಜಮಾನ್ರು ಅದನ್ನ ಹೊಗಳಿಕಿ ಅಂತ ತಿಳಕಂಡು ಚಾ ಮಾಡಲೇ ಅಂದ್ರು.

ಹೆಪ್ಪು ಕೇಳಾಕ ಹೋದದ್ದು

ಗುಟ್ಟು ಕೊಟ್ಟಿದ್ದು ಕರೆಂಟು. ಆವಾಗ ನಮ್ಮ ಕಡೆ ದಿನಾ ಹೊತ್ತಿಗೆ ಸರಿಯಾಗಿ ಕರೆಂಟು ತಗೀತಿದ್ರು. ಒಂದಿನ ಕರೆಂಟು ಹೋತು ನೋಡ್ರಿ, ಅದ ಗಳಿಗಿಗೆ ರೇಡಿಯೋ ತಿಳಿಯಾತು. ಹಾಡು ಹೊಳಿ ನೀರಿನಂಗ ಹರದು ಬಂತು. ಕರೆಂಟು ಬಂತು, ಗುರ್ರ್ ಬಂತು. ನನ್ನ ತಲ್ಯಾಗೂ ಆವಾಗ ಒಂದು ಲೈಟು ಹತ್ತಿತು. ಯಾರದೋ ಮನ್ಯಾಗ ಏನೋ ಹಚ್ಯಾರ. ಅದು ಇದನ್ನ ಕೆಡಸ್ತೈತಿ.

ಯಾರ ಮನಿ ಅಂತ ಹುಡುಕಬೇಕಲ್ಲ. ರೇಡಿಯೋನ ಕೈಯಾಗ ಹಿಡಕಂಡು ಮನಿ ಮನಿ ಅಡ್ಯಾಡಿದ್ರ ಓಣಿ ಮಂದಿ ನನಗ ತಲಿ ಕೆಟ್ಟೈತಿ ಅಂತಾರ. ಅದಕ ಸಣ್ಣ ದನಿ ಇಟ್ಟು ಸೆರಗಿನ ಒಳಗ ಹೊಟ್ಟಿಗೆ ಕಟಗಂಡೆ. ಕೈಯಾಗ ಒಂದು ಬಟ್ಟಲ ಹಿಡದೆ. ಸಂಜಿಮುಂದ ಹಾಲು ಕಾಸಿದ ಮ್ಯಾಲ ಹೆಪ್ಪು ಕೇಳಾಕ ಬಂದ ಹೆಂಗಸನ್ನ ನಮ್ಮ ಓಣ್ಯಾಗ ಯಾರೂ ಬಾಗಲದಾಗ ನಿಂದ್ರಸಂಗಿಲ್ಲ, ಅಡಿಗಿಮನಿತನ ಬಿಟಗಂತಾರ. ಮನಿ ಒಳಗ ಏನೇನು ಐತಿ ಅಂತ ನೋಡಾಕ ಇದಕ್ಕಿಂತ ಚಲೋ ದಾರಿ ಇಲ್ಲ.

ಹಿಂದಿನ ಮನ್ಯಾಗ ಹೊಟ್ಟಿ ಸಣ್ಣಗ ಗುರ್ರ್ ಅಂತು. ಎದುರುಮನ್ಯಾಗ ಇನ್ನೂ ಸಣ್ಣಗಾತು. ಆ ಮನಿ ಮುದುಕಿ ಹತ್ರ ಬಂದು ಕಿವಿಗೊಟ್ಟು, ಏನವ್ವ ಇದು, ಹೊಟ್ಟ್ಯಾಗ ಗಂಡಸು ಮಾತಾಡಿದಂಗ ಆಗತೈತಿ ಅಂದ್ಲು. ಮಧ್ಯಾಹ್ನ ಅಲಸಂದಿ ಉಂಡಿದ್ದೆ ಅಜ್ಜಿ ಅಂದೆ. ಆಕಿ ಅಜವಾನ ಕೊಟ್ಟು ಕಳಿಸಿದ್ಲು. ಎಲ್ಲಾರ ಮನಿ ಹೆಪ್ಪು ಕೂಡಿ ಬಟ್ಟಲ ತುಂಬಿತು, ನನ್ನ ಹಾಲು ಮಾತ್ರ ಮನ್ಯಾಗ ಉಕ್ಕಿ ಒಲಿಗೆ ಬಿದ್ದಿತ್ತು.

ಕಡಿಗೆ ಅಂಗಡಿ ಅಕ್ಕನ ಮನಿ. ಹೊಸ್ತಿಲು ದಾಟಿದೆ, ಹೊಟ್ಟಿ ಜೋರಾತು. ನಡುಮನಿಗೆ ಹೋದೆ, ಇನ್ನೂ ಜೋರು. ನಮ್ಮ ತಂತಿ ಕಟ್ಟಿದ್ದ ಕಬ್ಬಿಣದ ಕೋಲಿನ ನೆಟ್ಟಗ ಕೆಳಗಿದ್ದ ದೇವರ ಮನಿ ಮುಂದ ಬಂದೆ, ಹೊಟ್ಟ್ಯಾಗ ಗಿರಣಿ ಕುಂತಂಗಾತು. ಒಳಗ ನೋಡ್ತೀನಿ, ಶಿವನ ಫೋಟೋದ ಹಿಂದ ಒಂದು ಚಕ್ರ. ಸಾಸಿವಿಯಂಥಾ ದೀಪ ಸುತ್ತಲೂ, ಕೆಂಪು, ಹಸರು, ನೀಲಿ, ಗರಗರ ತಿರುಗತಾವ. ಕೆಂಪು ಸುತ್ತಿ ಬಂದಾಗ ಒಂದು ಗುರ್ರ್, ಹಸರು ಬಂದಾಗ ಒಂದು ಗುರ್ರ್. ನನ್ನ ಹೊಟ್ಟಿ ಆ ಬೆಳಕಿಗೆ ತಾಳ ಹಾಕಾಕ ಹತ್ತಿತ್ತು.

ಅಕ್ಕ ನನ್ನ ಹೊಟ್ಟಿ ನೋಡಿದ್ಲು, ದೇವರನ್ನ ನೋಡಿದ್ಲು. "ತಂಗಿ, ನಿನ್ನ ಹೊಟ್ಟ್ಯಾಗೂ ದೇವರು ಬರತಾನೇನ?" ಅಂದ್ಲು. ನಾನು ಸೆರಗು ತಗದು ರೇಡಿಯೋ ತೋರಿಸಬೇಕಾತು. ಆಕಿ ಮಾರಿ ಮ್ಯಾಲಿನ ಭಕ್ತಿ ಇಳದದ್ದು ನೋಡಿ ನನಗ ನಾಚಿಕ್ಯಾತು.

ಸಕ್ರಿ ಇಲ್ಲದ ಚಾ

ಕುಂದ್ರಿಸಿ ಚಾ ಕೊಟ್ಲು. ಸಕ್ರಿ ಇದ್ದಿದ್ದಿಲ್ಲ. ಕುಡೀತಾ ಕುಡೀತಾ ಸುದ್ದಿ ಬಂತು.

ಅಕ್ಕನ ಮಗಳನ್ನ ಹಡಗಲಿಗೆ ಕೊಟ್ಟಾರ. ಅಳಿಯ ಮಲ್ಲಿಗಿ ಹೂವಿನ ವ್ಯಾಪಾರದಾವ. ಆತ ತನ್ನ ಅಕ್ಕ ಬಂದಾಗ ಆಕಿ ಮುಂದ, ನಮ್ಮನ್ಯಾಗ ರೊಟ್ಟಿ ದಪ್ಪ ಆಗತಾವ ಅಂದನಂತ. ಹಂಗಾರ ನಿಮ್ಮಕ್ಕನ ಕೈಲೇ ತೆಳ್ಳಗ ಬಡಿಸಿಕ್ಯಾ ಅಂತ ಹುಡುಗಿ ಬಸ್ಸು ಹತ್ತಿ ತವರಿಗೆ ಬಂದಾಳ. ತಾನಾಗಿ ಹೋಗ್ಯಾಳ, ತಾನಾಗಿ ಬರಲಿ ಅಂತಾನ ಆತ. ಸಿಟ್ಟು ಮಾಡ್ಕಂಡು ಬಂದ ಮಗಳು, ಗಂಡ ಬಂದು ಕರೀದ ಹೋದ್ರ ತವರಿಗೆ ಮರ್ಯಾದಿ ಇಲ್ಲ ಅಂತಾಳ ಅಂಗಡಿ ಅಕ್ಕ. ಇಬ್ಬರೂ ಕುಂತಬಿಟ್ಟಾರ. ಅದಕ ಅಕ್ಕ ಉಜ್ಜಿನಿಗೆ ಹೋಗಿ ಕೈ ಮುಗದು, ಬರೋವಾಗ ಗುಡಿ ಮುಂದಿನ ಅಂಗಡ್ಯಾಗ ಈ ಲೈಟು ತಂದು, ಅಳಿಯ ಬಂದು ಮಗಳನ್ನ ಕರಕಂಡು ಹೋಗೋತನ ಇದು ಆರಬಾರದು ಅಂತ ಹರಕಿ ಹೊತ್ತಾಳ.

"ಎಲ್‌ಇಡಿ ಅಂತ ತಂಗಿ, ಚೈನಾದ್ದು" ಅಂದ್ಲು. "ಎಣ್ಣಿ ಬ್ಯಾಡ, ಬತ್ತಿ ಬ್ಯಾಡ. ಎಷ್ಟು ವರ್ಷ ಆದ್ರೂ ಹೋಗಂಗಿಲ್ಲ, ನಿಮ್ಮ ಮೊಮ್ಮಕ್ಕಳೂ ಇದಕ್ಕ ಕೈ ಮುಗೀತಾರ ಅಂತ ಮಾರಿದಾವ ಹೇಳ್ಯಾನ."

ಹರಕಿ ಅಂದ ಮ್ಯಾಲ ತನಗ ಇಷ್ಟ ಇದ್ದದ್ದು ಒಂದು ಬಿಡಬೇಕಲ್ಲ, ಅದಕ ಚಾಕ್ಕ ಸಕ್ರಿ ಬಿಟ್ಟಿದ್ಲು. ಬಿಟ್ಟಾಕಿ ಆಕಿ, ಕುಡಿಯಾಕಿ ನಾನು. ಬಾಯಿ ಕಹಿ ಮಾಡ್ಕಂಡು, ಅಕ್ಕಾರ, ವಚನ ಬರೋ ಹೊತ್ತಿಗರ ಒಂದು ಗಳಿಗಿ ಆರಿಸ್ರಿ ಅಂತ ಕೇಳಿದೆ. ಆಕಿ ನನ್ನನ್ನ ನೋಡಿದ್ದು ಹೆಂಗಿತ್ತಂದ್ರ, ನಾನು ದೇವರ ಕಣ್ಣು ಕಿತ್ತು ಕೊಡು ಅಂದಂಗಿತ್ತು.

ಮನಿಗೆ ಬಂದು ಅತ್ತಿಗೆ ಹೇಳಿದೆ. ಅತ್ತಿ ನನ್ನ ಪರವಾಗಿ ಎರಡು ಮಾತು ಅಂತಾಳ ಅಂತ ತಿಳದಿದ್ದೆ. "ಹರಕಿ ದೀಪ ಆರಿಸು ಅಂತ ಕೇಳಿ ಬಂದ್ಯಾ?" ಅಂದ್ಲು. "ನನ್ನ ರೇಡಿಯೋ ಹಾಳಾಗಿ ಹೋಗಲಿ. ಆ ಹುಡುಗಿ ಸಂಸಾರ ನೆಟ್ಟಗಾದ್ರ ಸಾಕು. ಬಾ ಇಲ್ಲಿ ಕುಂದ್ರು, ರೇಡಿಯೋ ಇಲ್ಲ ಅಂದ ಮ್ಯಾಲ ನಿನಗ ಒಂದಿಷ್ಟು ಬುದ್ಧಿ ಹೇಳ್ತೀನಿ."

ಆ ಬುದ್ಧಿ ಶ್ರಾವಣ ಪೂರ್ತಿ ನಡೀತು.

ಲೈನ್‌ಮ್ಯಾನು

ಭಾದ್ರಪದ ಬಂತು, ಹುಡುಗಿ ಹೋಗಲಿಲ್ಲ, ಲೈಟು ಆರಲಿಲ್ಲ. ನನಗ ಉಳದಿದ್ದು ಕರೆಂಟು ಹೋದಾಗಿನ ಆ ಒಂದೆರಡು ತಾಸಿನ ಸುಖ. ಅದನ್ನ ಸೊಲ್ಪ ದೊಡ್ಡದು ಮಾಡಬೇಕು ಅಂತ ಲೈನ್‌ಮ್ಯಾನನ್ನ ಹಿಡದೆ. ಆತ ನಮ್ಮ ತವರು ಕಡೆಯಾವ, ಬಾಗಳಿ ಹುಡುಗ. ಅಣ್ಣಾ, ಮುಂಜಾನಿ ವಚನದ ಹೊತ್ತಿಗೆ, ಸಂಜಿ ನಾಟಕದ ಹೊತ್ತಿಗೆ ನಮ್ಮ ಓಣಿ ಫ್ಯೂಜು ಸೊಲ್ಪ ತಗಿಯೋ, ನಮ್ಮತ್ತಿ ವಯಸ್ಸಾದಾಕಿ ಅಂತ ಕಾಲು ಹಿಡಿಯೋದೊಂದು ಬಾಕಿ. ಪಾಪ ಚಲೋ ಹುಡುಗ. ಕಂಬದಾಗ ಏನೋ ಲೂಜ್ ಐತಿ ಅಂತ ನೆಪ ಹೇಳಿ ತಗದ.

ನಾಕು ದಿನ ನಮ್ಮನಿ ಸ್ವರ್ಗ. ಅತ್ತಿ ಬಾಯಿ ಮುಚ್ಚಿತು, ಮಾರಿ ಅರಳಿತು. ಓಣಿ ಮಾತ್ರ ನರಕಾತು. ಹಿಂದಿನ ಮನಿಯಾಕಿ ಮಿಕ್ಸಿ ನಡೀಲಾರದ ಹಿಟ್ಟನ್ನ ಒಳಕಲ್ಲಿನ್ಯಾಗ ತಿರುವಿ ತೋಳು ನೋಯಿಸಿಕಂಡ್ಲು. ಎದುರುಮನಿಯವ್ರು ಸಂಜಿ ಧಾರಾವಾಹಿ ತಪ್ಪಿಸಿಕಂಡು ಗಂಡ ಹೆಂಡ್ತಿ ಒಬ್ಬರ ಮಾರಿ ಒಬ್ಬರು ನೋಡಬೇಕಾಗಿ ಬಂದು ಜಗಳ ತಗದ್ರು. ಎಲ್ಲರೂ ಲೈನ್‌ಮ್ಯಾನನ್ನ ಬೈದ್ರು. ನಾನೂ ಬೈದೆ, ಇಲ್ಲಾಂದ್ರ ಸಂಶಯ ಬರತೈತಲ್ಲ. ಎಲ್ಲರಗಿಂತ ಚಲೋ ನಾನ ಬೈದೆ.

ಐದನೇ ದಿನ ಅಂಗಡಿ ಅಕ್ಕನ ಮನಿ ಮುಂದ ಆಟೋ ನಿಂತು, ಎಚ್‌ಬಿ ಹಳ್ಳಿಯಿಂದ ತರಿಸಿದ ಒಂದು ದೊಡ್ಡ ಬ್ಯಾಟ್ರಿ ಇಳೀತು. ಇನ್ವರ್ಟರ್. ಕರೆಂಟು ಹೋದಾಗೆಲ್ಲ ಹರಕಿ ದೀಪ ಆರಾಕ ಹತ್ತೈತಿ ತಂಗಿ, ಅದಕ ಅಳಿಯ ಇನ್ನೂ ಬಂದಿಲ್ಲ, ಇನ್ನ ಮ್ಯಾಲ ಒಂದು ಗಳಿಗೀನೂ ಆರಂಗಿಲ್ಲ ಅಂತ ಅಕ್ಕ ನನಗ ಖುಷಿಲೇ ಹೇಳಿದ್ಲು. ಕುಂಕುಮ ಹಚ್ಚಿ, ಸಕ್ರಿ ಇಲ್ಲದ ಚಾ ಕೊಟ್ಲು.

ಮೊದ್ಲೆಲ್ಲ ದಿನಾ ಒಂದೆರಡು ತಾಸರ ಬರತಿದ್ದ ಧಾರವಾಡ, ನನ್ನ ಶ್ಯಾಣ್ಯಾತನದಿಂದ ಪೂರ್ತಿ ಬಂದಾತು. ಇಡೀ ಓಣಿ ಕತ್ತಲಾಗಿ, ಅಕ್ಕನ ದೇವರ ಮನಿ ಒಂದ ಕೆಂಪು ಹಸರು ತಿರುಗೋದನ್ನ ಕಿಟಕ್ಯಾಗಿಂದ ನೋಡಿ ನಾನು ಕಣ್ಣೀರು ಹಾಕಿದೆ. ಲೈನ್‌ಮ್ಯಾನು ದಾರ್ಯಾಗ ಸಿಕ್ಕು, ನಾಳಿನೂ ತಗೀಲೇನಕ್ಕ ಅಂದ.

ಹಡಗಲಿ ಬಸ್ಸು

ಒಂದಿನ ಅತ್ತಿ ನನ್ನ ಮದಿವ್ಯಾಗ ನಮ್ಮಪ್ಪ ಹಾಕಿಕಂಡಿದ್ದ ಅಂಗಿ ಸುದ್ದಿ ತಗದ್ಲು. ಆವಾಗ ತೀರ್ಮಾನ ಮಾಡಿದೆ. ಲೈಟು ಆರಬೇಕಂದ್ರ ಹುಡುಗಿ ಹೋಗಬೇಕು, ಹುಡುಗಿ ಹೋಗಬೇಕಂದ್ರ ಅಳಿಯ ಬರಬೇಕು, ಅಳಿಯ ಬರಬೇಕಂದ್ರ ನಾನು ಹೋಗಬೇಕು. ಹೊಳಲದಾಗ ನಮ್ಮ ಚಿಗವ್ವಗ ಆರಾಮಿಲ್ಲ ಅಂತ ಮನ್ಯಾಗ ಸುಳ್ಳು ಹೇಳಿ ಹಡಗಲಿ ಬಸ್ಸು ಹತ್ತಿದೆ.

ಅಳಿಯ ಬಸ್‌ಸ್ಟ್ಯಾಂಡ್ ಹತ್ರಾನ ಕುಂತಿದ್ದ, ಮುಂದ ಒದ್ದಿ ಅರವಿಯಾಗ ಮಲ್ಲಿಗಿ ರಾಶಿ. ಮಾರಿ ಬಾಡಿತ್ತು, ಹೂವು ಆತನಗಿಂತ ಚಲೋ ಇದ್ವು. ನನ್ನ ಗುರುತು ಹಿಡದ. ದಾರಿ ಮ್ಯಾಗ ಹೊಂಟಿದ್ದೆ, ಹೂವು ಒಯ್ಯೋಣು ಅಂತ ಬಂದೆ ಅಂದೆ. ಆತ ಒಂದು ಮಳ ಅಳೆದ, ಎರಡು ಮಳ ಅಳೆದ, ಮೂರನೇ ಮಳಕ್ಕ ಬಂದು ತಡೀಲಿಲ್ಲ. ಓಣ್ಯಾಗ ಎಲ್ಲಾರೂ ಆರಾಮ ಏನ್ರಿ ಅಂದ.

ಇಲ್ಲಿ ನೋಡ್ರಿ, ಸಾಲಿ ಕಲತಾಕಿ ಇದ್ದಿದ್ರ ಏನು ಹೇಳ್ತಿದ್ಲು? ನಿಮ್ಮ ಹೆಂಡ್ತಿ ಊಟ ಬಿಟ್ಟಾಳ, ಸೊರಗ್ಯಾಳ, ನಿಮ್ಮ ದಾರಿ ಕಾಯ್ತಾಳ ಅಂತಿದ್ಲು. ಗಂಡಸು ಅದನ್ನ ಕೇಳಿದ್ರ ಇನ್ನೊಂದು ತಿಂಗಳು ಕುಂದ್ರತಾನ. ನಿಜ ಅಂದ್ರ ಆ ಹುಡುಗಿ ಹಂಗ ಇದ್ಲು, ಸಕ್ರಿ ಇಲ್ಲದ ಚಾದಾಗ ಕಣ್ಣೀರು ಬಿಟಗಂತ. ನಾನು ಅದನ್ನ ಹೇಳಲಿಲ್ಲ.

"ಆರಾಮ ಅಂದ್ರ ಆರಾಮ ಅಳಿಯಂದ್ರ" ಅಂದೆ. "ನಿಮ್ಮ ಹೆಂಡ್ತೀನಂತೂ ಗುರುತು ಹಿಡಿಯಂಗಿಲ್ಲ, ಅಷ್ಟು ಕಳಿ ಬಂದೈತಿ. ಮೊನ್ನಿ ಹಪ್ಪಳ ಹಾಕಾಕ ಓಣಿ ಹೆಂಗಸ್ರೆಲ್ಲ ಕೂಡಿದ್ವಿ. ನಕ್ಕೂ ನಕ್ಕೂ ಸಾಕಾತು ಆಕಿ ಸಂಗಾಟ."

"ಏನಂತ ನಗ್ತಿದ್ಲು?"

"ನಾ ಹೆಂಗ ಹೇಳ್ಲಿ, ನಿಮ್ಮ ಸುದ್ದೀನ ಇತ್ತು."

ಆತನ ಕೈಯಾಗಿನ ಹೂವು ನಿಂತಬಿಡ್ತು. "ನನ್ನ ಸುದ್ದ್ಯಾಗ ನಗಾಕ ಏನೈತ್ರಿ?"

"ಏನಿಲ್ಲ, ನೀವು ಈಗ ಒಬ್ಬರ ಕುಂತು ರೊಟ್ಟಿ ಹೆಂಗ ಬಡೀತಿರಬೇಕು ಅಂತ ಮಾಡಿ ತೋರಿಸಿದ್ಲು. ಹಿಟ್ಟು ಮೂಗಿಗೆ ಹತ್ತಿದಂಗ, ಹೊಗಿಗೆ ಕಣ್ಣು ತಿಕ್ಕಿಕಂಡಂಗ. ಹುಬೇಹೂಬ್ ನೀವ."

ಆತ ಮೂಗು ಮುಟ್ಟಿ ನೋಡಿಕಂಡ. ಖರೇನ ಅಲ್ಲಿ ಸೊಲ್ಪ ಹಿಟ್ಟಿತ್ತು.

ಬಂದ ಅಳಿಯ

ಮರುದಿನ ಮಧ್ಯಾಹ್ನದ ಬಸ್ಸಿಗೇ ಬಂದ. ಕೈಯಾಗ ಮಲ್ಲಿಗಿ ಬುಟ್ಟಿ, ಹೆಗಲ ಮ್ಯಾಲ ಹೊಸ ಟವೆಲು. ಓಣಿ ಮಂದಿ ಕಿಟಕ್ಯಾಗ ನಿಂತ್ರು. ನಾನು ಅಂಥಾಕಿ ಅಲ್ಲ, ಮಾಳಗಿ ಮ್ಯಾಲ ತಂತಿ ಬಿಚ್ಚೋ ನೆಪದಾಗ ನಿಂತೆ. ಅಲ್ಲಿಂದ ಅಕ್ಕನ ಅಂಗಳ ಚಲೋ ಕಾಣತೈತಿ.

ಹುಡುಗಿ ಒಳಗಿಂದ ಬಂದು ಕಂಬಕ್ಕ ಆತಗಂಡು ನಿಂತ್ಲು. ಆತ ಬುಟ್ಟಿ ಕೆಳಗ ಇಟ್ಟು ಮೊದ್ಲ ಕೇಳಿದ್ದು ಇದ:

"ಬಾಳ ನಗ್ತಿದ್ಯಂತ?"

"ಯಾರು ಹೇಳಿದ್ರು?" ಅಂದ್ಲು ಹುಡುಗಿ.

ಆತ ತಲಿ ಎತ್ತಿ ಮಾಳಗಿ ಕಡೆ ನೋಡಿದ. ನಾನು ತಂತಿ ಹಿಡಕಂಡು ಎರಡೂ ಕೈ ಜೋಡಿಸಿದೆ. ಒಬ್ಬ ಹೆಂಗಸು ಬಂದು ಚುಚ್ಚಿದ್ದಕ್ಕ ಓಡಿ ಬಂದೆ ಅಂತ ಯಾವ ಗಂಡಸು ಹೇಳ್ಕಂತಾನ? ಅದ ನನ್ನ ಉಳಿಸಿತು.

"ಯಾರೂ ಇಲ್ಲ" ಅಂದ. "ಕನಸಿನ್ಯಾಗ ಕಂಡಿತ್ತು."

ಅಕ್ಕ ಅಲ್ಲೇ ದೇವರ ಮನಿ ಕಡೆ ಹೊಳ್ಳಿ ಅಡ್ಡಬಿದ್ಲು. ಕನಸಿನ್ಯಾಗ ಹೋಗಿ ಕರದಾನ ನಮ್ಮಪ್ಪ, ಈ ಲೈಟು ಸುಳ್ಳಲ್ಲ ಅಂತ ಓಣಿಗೆಲ್ಲ ಕೇಳೋಂಗ ಹೇಳಿದ್ಲು. ಸಂಜೀಗೆ ಅದು ಕೂಡ್ಲಿಗಿತನ ಹೋಗಿತ್ತು. ನಾನೂ ನಾಕು ಮನಿಗೆ ಹೇಳಿ ಬಂದೆ, ಹೇಳದ ಇದ್ರ ಸಂಶಯ ಬರತೈತಲ್ಲ. ನನ್ನ ಹಣೆಬರ ನೋಡ್ರಿ. ಇಡೀ ಜನ್ಮದಾಗ ಬಾಯಿಂದ ಒಂದು ಚಲೋ ಕೆಲಸ ಮಾಡೀನಿ, ಅದೊಂದನ್ನ ಯಾರ ಮುಂದೂ ಬಾಯಿ ಬಿಡಂಗಿಲ್ಲ.

ಗಂಡ ಹೆಂಡ್ತಿ ಹಡಗಲಿ ಬಸ್ಸು ಹತ್ತಿದ್ರು. ಅಕ್ಕ ಚಾಕ್ಕ ಸಕ್ರಿ ಹಾಕಿಕಂಡ್ಲು. ಲೈಟು ಆರಿತು.

ಅವತ್ತು ಸಂಜಿ ನಮ್ಮನ್ಯಾಗ ನಾಟಕ ಬಂತು. ಒಂದು ಗುರ್ರಿಲ್ಲ. ಅತ್ತಿ ಕಣ್ಣು ಮುಚ್ಚಿಕಂಡು ಕೇಳಿದ್ಲು. ನಾನು ಹೊಸ್ತಿಲ ಮ್ಯಾಲ ಕುಂತು ಕಾಲು ಚಾಚಿದೆ. ಎಷ್ಟೋ ದಿನಕ್ಕ ನಮ್ಮಿಬ್ಬರ ನಡುವ ಧಾರವಾಡ ವಾಪಸ್ ಬಂದಿತ್ತು.

ತಾಟು

ಮರುದಿನ ಮುಂಜಾನಿ, ವಚನ ಇನ್ನೂ ಮುಗದಿದ್ದಿಲ್ಲ, ಅಂಗಡಿ ಅಕ್ಕ ಬಂದ್ಲು. ಕೈಯಾಗ ತಾಟು, ತಾಟಿನ್ಯಾಗ ಟೆಂಗಿನಕಾಯಿ, ಕುಂಕುಮ, ಮಲ್ಲಿಗಿ. ಅದರ ನಡುವ ವೈರು ಸುತ್ತಿ ಇಟ್ಟ ಆ ಚಕ್ರ.

ನನ್ನ ಕೈಯಾಗಿನ ಕಸಬರಿಗಿ ಬಿತ್ತು.

"ನಮ್ಮನಿ ಕೆಲಸ ಮುಗೀತು ತಂಗಿ" ಅಂದ್ಲು ಅಕ್ಕ. "ಫಲ ಕೊಟ್ಟ ದೀಪ ಪೆಟ್ಟಿಗ್ಯಾಗ ಇಡಬಾರದು, ಕಷ್ಟ ಇದ್ದೋರ ಮನಿಗೆ ಕೊಡಬೇಕು. ನನಗ ಮೊದ್ಲ ನೆಪ್ಪಾದದ್ದು ನಿಮ್ಮನಿ."

ನಮ್ಮನ್ಯಾಗ ಏನು ಕಷ್ಟ ಇಲ್ಲ ಅಕ್ಕಾರ, ದೇವರು ಎಲ್ಲಾ ಚಲೋ ಇಟ್ಟಾನ, ಬ್ಯಾರೆ ಯಾರಿಗರ ಕೊಡ್ರಿ ಪುಣ್ಯ ಬರತೈತಿ ಅಂತ ನಾನು ತಾಟು ಹಿಂದಕ್ಕ ನೂಕೋದು, ಆಕಿ ಮುಂದಕ್ಕ ನೂಕೋದು. ಮಂಚದ ಮ್ಯಾಲಿಂದ ದನಿ ಬಂತು.

"ಎಲ್ಲಾ ಚಲೋ ಐತಿ ಅಂತ ಆಕಿಗೆ ಯಾರು ಹೇಳಿದ್ರು? ತಾರವ್ವ ಇತ್ಲಾಗ."

ನಮ್ಮ ಯಜಮಾನ್ರು ಎಂದೂ ಹೇಳಿದ ಕೆಲಸ ಅದ ದಿನ ಮಾಡಿದಾವ್ರಲ್ಲ. ಅವತ್ತು ಅಕ್ಕ ಹೊರಗ ಹೋಗಾದ್ರೊಳಗ ಮೊಳಿ ಹೊಡದು, ವೈರು ಎಳದು, ನಮ್ಮ ದೇವರ ಗೂಡಿನ್ಯಾಗ ಚಕ್ರ ಕೂಡಿಸಿದ್ರು. ಅತ್ತಿ ರೇಡಿಯೋ ಕೈಗೆ ತಗಂಡ್ಲು. ಸೆರಗಿನ್ಯಾಗ ಒರಸಿದ್ಲು, ಕಣ್ಣಿಗೆ ಒತಗಂಡ್ಲು, ಬಂದ್ ಮಾಡಿ ನನ್ನ ಕೈಯಾಗ ಕೊಟ್ಲು. ಇದನ್ನ ಟ್ರಂಕಿನ್ಯಾಗ ಹಾಕು ಅಂದ್ಲು. ಹರಕಿ ಅಂದ ಮ್ಯಾಲ ಇಷ್ಟ ಇದ್ದದ್ದು ಒಂದು ಬಿಡಬೇಕು, ನನಗ ಇಷ್ಟ ಇದ್ದದ್ದು ಇದೊಂದ ಅಂದ್ಲು. ನಾನು ಅದನ್ನ ಎದಿಗೆ ಅವಚಿ ಹಿಡಕಂಡೆ.

"ಬ್ಯಾಡ್ರಿ ಅತ್ತಿ" ಅಂದೆ. "ಮೊಣಕಾಲಿಗೆ ಬೇಕಾದ್ರ ದಾವಣಗೆರಿಗೆ ಹೋಗಿ ತೋರಿಸಿಕಂಡು ಬರೋಣು. ರೇಡಿಯೋ ಯಾಕ ಬಿಡ್ತೀರಿ?"

"ಮೊಣಕಾಲಿಗೆ ಯಾರು ಹರಕಿ ಹೊತಗಂತಾರ, ಇನ್ನೆಷ್ಟು ದಿನ ನಡಿಬೇಕಾಗೈತಿ" ಅಂದ್ಲು. ಮಸುಕುಗಣ್ಣು ನನ್ನ ಕಡೆ ತಿರುಗಿಸಿ, ದೇವರ ಗೂಡಿಗೆ ಕೈ ಜೋಡಿಸಿದ್ಲು. "ನಮ್ಮಪ್ಪ, ನನ್ನ ಸೊಸಿ ನಾಲಿಗಿ ತಣ್ಣಗಾಗೋತನ ಈ ಲೈಟು ಆರಬಾರದು."

ಮಾರಿದಾವ ಸುಳ್ಳು ಹೇಳಿದ್ದಿಲ್ರಿ. ಎಷ್ಟು ವರ್ಷ ಆದ್ರೂ ಹೋಗಂಗಿಲ್ಲ ಅಂದಿದ್ದ. ಹೋಗಿಲ್ಲ. ಇಕಾ, ನಾನು ಇದನ್ನ ಹೇಳಾಕ ಕುಂತ ಹೊತ್ತಿಗೂ ಕೆಂಪು ಮುಗದು ಹಸರು ಸುರುವಾಗೈತಿ.